ಘಟ್ಟ, ಮಳೆ, ಉಪ್ಪುಗಾಳಿ: ದಿನಬಳಕೆಯ ಸ್ಪೋರ್ಟ್ಸ್ ಕಾರಿಗೆ ಯಾವ ಕ್ಲಚ್ ಹಾಕಿಸಬೇಕು?

ಕಾರವಾರದಿಂದ ಅಂಕೋಲೆಗೆ ನಿತ್ಯ ಕೆಲಸಕ್ಕೆ ಓಡಾಡುವ, ಆಗಾಗ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೂ ಹೋಗಿಬರುವ ಟರ್ಬೊ ಪೆಟ್ರೋಲ್ ಕಾರಿನ ಕ್ಲಚ್ ಸವೆಯಿತು ಎಂದಿಟ್ಟುಕೊಳ್ಳಿ. ಮಾಲೀಕರಿಗೆ ಮೂರು ಕಡೆಯಿಂದ ಮೂರು ಸಲಹೆ ಬರುತ್ತದೆ. ಊರಿನ ಗ್ಯಾರೇಜಿನವರು ಹಳೇ ಪ್ಲೇಟಿಗೆ ಹೊಸ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಹೊಡೆಸಿದರೆ ಸಾಕು ಅನ್ನುತ್ತಾರೆ. ಸರ್ವಿಸ್ ಸೆಂಟರಿನವರು ಕಂಪನಿ ಕಿಟ್, ಅದರ ಜೊತೆ ಫ್ಲೈವೀಲೂ (ಎಂಜಿನ್ನಿನ ತುದಿಯಲ್ಲಿ ತಿರುಗುವ, ಕ್ಲಚ್ ಪ್ಲೇಟ್ ಹಿಡಿಯುವ ಭಾರದ ಚಕ್ರ) ಬೇಕು ಎಂದು ದೊಡ್ಡ ಎಸ್ಟಿಮೇಟ್ ಕೊಡುತ್ತಾರೆ. ಎಂಜಿನ್ ರೀಮ್ಯಾಪ್ ಮಾಡಿಕೊಟ್ಟವರು (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಶಕ್ತಿ ಹೆಚ್ಚಿಸುವವರು) ಸೆರಾಮಿಕ್ ಪ್ಲೇಟ್ ಹಾಕಿಸಿ, ಆಮೇಲೆ ಚಿಂತೆಯೇ ಇಲ್ಲ ಅನ್ನುತ್ತಾರೆ. ಮೂವರ ಮಾತಿಗೂ ಅವರವರ ಕಾರಣವಿದೆ. ಆದರೆ ಕಾರು ಓಡುವ ರಸ್ತೆಯನ್ನು ಮೂವರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಉತ್ತರ ಕನ್ನಡದಲ್ಲಿ ಕ್ಲಚ್ ಹಾಳಾಗುವುದು ಹೆಚ್ಚಾಗಿ ನಿಧಾನ ಹೋಗುವಾಗ. ಅರಬೈಲ್ ತಿರುವಿನಲ್ಲಿ ಲೋಡ್ ಲಾರಿಯ ಬೆನ್ನಿಗೆ ಮೊದಲ ಗೇರಿನಲ್ಲಿ ತೆವಳುವಾಗ, ದೇವಿಮನೆ ಘಟ್ಟದಲ್ಲಿ ಎದುರಿನ ಬಸ್ಸಿಗೆ ದಾರಿ ಬಿಟ್ಟು ಮತ್ತೆ ಏರಿಗೆ ಎತ್ತುವಾಗ, ಸಿದ್ದಾಪುರ–ಶಿರಸಿ ಕಡೆಯ ತೋಟದ ಮನೆಯ ಕಡಿದಾದ ದಾರಿಯಲ್ಲಿ ರಿವರ್ಸ್ ಹಾಕಿ ಅಂಗಳಕ್ಕೆ ಹತ್ತಿಸುವಾಗ. ಆದ್ದರಿಂದ ಇಲ್ಲಿ ಕ್ಲಚ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಒದ್ದೆ ಏರಿನಲ್ಲಿ, ಬಿಸಿಯಾದ ಮೇಲೂ, ಮೆತ್ತಗೆ ಹಿಡಿಯುತ್ತದೆಯೇ? ಎಷ್ಟು ಹಾರ್ಸ್‌ಪವರ್ ತಾಳುತ್ತದೆ ಎಂಬುದು ಎರಡನೆಯ ಪ್ರಶ್ನೆ.

ಮೊದಲು ಖಚಿತಪಡಿಸಿಕೊಳ್ಳಿ

ಗೇರ್‌ಬಾಕ್ಸ್ ಇಳಿಸುವ ಮೊದಲು ದೋಷ ಕ್ಲಚ್ಚಿನದೇ ಹೌದೇ ಎಂದು ನೋಡಬೇಕು. ಹೆದ್ದಾರಿ 66ರ ಸಮತಟ್ಟಾದ, ಖಾಲಿ ಭಾಗದಲ್ಲಿ ನಾಲ್ಕನೇ ಗೇರಿನಲ್ಲಿ 50 ಕಿ.ಮೀ. ವೇಗಕ್ಕೆ ಬಂದು ಆಕ್ಸಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲಕ್ಕೆ ಜಿಗಿದು ವೇಗ ಮಾತ್ರ ಅಷ್ಟಕ್ಕೇ ನಿಂತರೆ ಪ್ಲೇಟ್ ಜಾರುತ್ತಿದೆ. ಹೀಗೆ ಒಮ್ಮೆ ನೋಡಿದರೆ ಸಾಕು, ಪದೇ ಪದೇ ಮಾಡಿದರೆ ಇರುವ ಫ್ಲೈವೀಲೂ ಸುಡುತ್ತದೆ.

ಗೇರ್ ಬೀಳಲು ಕಷ್ಟವಾಗುವುದು ಬೇರೆಯೇ ಕಾಯಿಲೆ. ಐಡಲಿಂಗ್‌ನಲ್ಲಿ ಪೆಡಲ್ ಪೂರ್ತಿ ಒತ್ತಿಹಿಡಿದು, ಐದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಗರ್ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಗಾಳಿ ಸೇರಿರಬಹುದು, ಸ್ಲೇವ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ದ್ರವದ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಭಾಗ) ಸೋರುತ್ತಿರಬಹುದು, ಇಲ್ಲವೇ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ಪ್ಲೇಟ್ ಸರಿದಾಡುವ ಹಲ್ಲುಗಳು) ತುಕ್ಕು ಹಿಡಿದು ಪ್ಲೇಟ್ ಸರಿದಾಡದೆ ಇರಬಹುದು. ಕರಾವಳಿಯ ಕಾರುಗಳಲ್ಲಿ ಈ ಕೊನೆಯದನ್ನು ಮರೆಯಬಾರದು. ಏರಿಗೆ ಎತ್ತುವಾಗ ಕಾರು ದಡದಡ ನಡುಗಿದರೆ ಪ್ಲೇಟಿಗೆ ಎಣ್ಣೆ ತಾಗಿದೆ, ಇಲ್ಲವೇ ಫ್ಲೈವೀಲ್ ಮೇಲೆ ಬಿಸಿಯ ಕಲೆ ಎದ್ದಿದೆ, ಇಲ್ಲವೇ ಎಂಜಿನ್ ಮೌಂಟ್ ಹೋಗಿದೆ. ಮೌಂಟ್ ನೋಡಲು ಏನನ್ನೂ ಬಿಚ್ಚಬೇಕಿಲ್ಲ, ಅದನ್ನೇ ಮೊದಲು ನೋಡಿ.

ಯಾವ ಅಳತೆಗೋಲು

ಕ್ಲಚ್ ಎಷ್ಟು ಟಾರ್ಕ್ (ತಿರುಗಿಸುವ ಬಲ) ಹಿಡಿಯುತ್ತದೆ ಎಂಬುದು ನಾಲ್ಕು ಸಂಖ್ಯೆಗಳ ಗುಣಾಕಾರ: ಉಜ್ಜುವ ಮುಖಗಳು (ಒಂದು ಪ್ಲೇಟಿಗೆ ಎರಡು), ಲೈನಿಂಗಿನ ಘರ್ಷಣಾಂಕ, ಪ್ರೆಶರ್ ಪ್ಲೇಟ್ ಆ ಪ್ಲೇಟನ್ನು ಫ್ಲೈವೀಲಿಗೆ ಒತ್ತುವ ಬಲ, ಲೈನಿಂಗಿನ ಸರಾಸರಿ ತ್ರಿಜ್ಯ. ಹೊರವ್ಯಾಸ 215 ಮಿ.ಮೀ., ಒಳವ್ಯಾಸ 145 ಮಿ.ಮೀ. ಇರುವ ಪ್ಲೇಟಿನ ಸರಾಸರಿ ತ್ರಿಜ್ಯ 90 ಮಿ.ಮೀ. ಘರ್ಷಣಾಂಕ 0.28, ಒತ್ತುವ ಬಲ 5000 ನ್ಯೂಟನ್ ಎಂದು ಹಿಡಿದರೆ 252 ಎನ್‌ಎಂ (ನ್ಯೂಟನ್ ಮೀಟರ್). ಅದೇ ಪ್ಲೇಟಿಗೆ ಶೇ. 20ರಷ್ಟು ಹೆಚ್ಚು ಒತ್ತುವ ಪ್ರೆಶರ್ ಪ್ಲೇಟ್ ಹಾಕಿದರೆ 302. ಒತ್ತುವ ಬಲ ಹಳೆಯದೇ ಇದ್ದು ಲೈನಿಂಗ್ 0.4 ಘರ್ಷಣಾಂಕದ್ದಾದರೆ 360.

ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ವಿಪರೀತ ಬಿಸಿಯಾದಾಗ ಸಾಮಾನ್ಯ ಲೈನಿಂಗಿನ ಘರ್ಷಣಾಂಕ ಕುಸಿಯುತ್ತದೆ. 0.28 ಇದ್ದದ್ದು 0.2ಕ್ಕೆ ಇಳಿದರೆ 252 ಎನ್‌ಎಂ ಹಿಡಿಯುತ್ತಿದ್ದ ಕ್ಲಚ್ 180ರಲ್ಲೇ ಜಾರತೊಡಗುತ್ತದೆ. ಘಟ್ಟದ ಬುಡದಲ್ಲಿ ಸರಿ ಇದ್ದ ಕಾರು ಅರ್ಧ ಹತ್ತುವಷ್ಟರಲ್ಲಿ ಸುಟ್ಟ ವಾಸನೆ ಬಿಟ್ಟು ಜಾರುವುದು ಹೀಗೆ.

ಈ ಬಿಸಿ ಎಲ್ಲಿಂದ ಬರುತ್ತದೆ ನೋಡಿ. 1250 ಕಿಲೊ ತೂಕದ ಕಾರನ್ನು ಸಮತಟ್ಟಿನಲ್ಲಿ ನಿಂತಲ್ಲಿಂದ ಗಂಟೆಗೆ 10 ಕಿ.ಮೀ. ವೇಗಕ್ಕೆ ಎತ್ತಿದರೆ ಕ್ಲಚ್ಚಿನಲ್ಲಿ ಸುಮಾರು 5 ಕಿಲೊಜೌಲ್ ಬಿಸಿ ಹುಟ್ಟುತ್ತದೆ. ಅದೇ ಕಾರನ್ನು ಶೇ. 10ರ ಏರಿನಲ್ಲಿ ಬ್ರೇಕ್ ಮುಟ್ಟದೆ, 1500 ಆರ್‌ಪಿಎಂನಲ್ಲಿ ಹಾಫ್ ಕ್ಲಚ್ ಹಿಡಿದು ಹಿಂದೆ ಜಾರದಂತೆ ನಿಲ್ಲಿಸಿದರೆ ಸೆಕೆಂಡಿಗೆ ಸುಮಾರು 4 ಕಿಲೊಜೌಲ್. ಹತ್ತು ಸೆಕೆಂಡ್ ಹಾಗೆ ನಿಂತರೆ ಎಂಟು ಸಲ ಕಾರು ಎತ್ತಿದಷ್ಟು ಬಿಸಿ ಒಂದೇ ಉಸಿರಿಗೆ ಪ್ಲೇಟಿನೊಳಗೆ ಸೇರುತ್ತದೆ. ಯಾವ ಕಂಪನಿಯ ಕ್ಲಚ್ ಹಾಕಿದರೂ ಈ ಅಭ್ಯಾಸ ಬಿಡದಿದ್ದರೆ ಹಣ ದಂಡ. ಏರಿನಲ್ಲಿ ನಿಲ್ಲುವುದು ಹ್ಯಾಂಡ್‌ಬ್ರೇಕ್ ಮೇಲೆ.

ಉಳಿದ ಅಳತೆಗೋಲುಗಳು ಅನುಭವಕ್ಕೆ ಸಂಬಂಧಿಸಿದವು. ಪೆಡಲ್ ಎಷ್ಟು ಭಾರ? ಒತ್ತುವ ಬಲ ಹೆಚ್ಚಿಸಿದರೆ, ಸ್ಪ್ರಿಂಗಿನ ವಿನ್ಯಾಸ ಬದಲಾಗದಿದ್ದರೆ, ಕಾಲಿನ ಶ್ರಮವೂ ಹೆಚ್ಚು ಕಡಿಮೆ ಅಷ್ಟೇ ಹೆಚ್ಚುತ್ತದೆ. ಕ್ಲಚ್ ಹಿಡಿಯುವ ಜಾಗ ಪೆಡಲಿನ ಓಟದಲ್ಲಿ ಎಷ್ಟು ಅಗಲವಾಗಿದೆ? ಮಳೆಗಾಲದಲ್ಲಿ ನಾಲ್ಕು ದಿನ ನಿಲ್ಲಿಸಿದರೆ ಹೇಗಿರುತ್ತದೆ? ಬಿಡಿಭಾಗ ಕೆಟ್ಟರೆ ಎಲ್ಲಿಂದ ತರಿಸಬೇಕು? ಕಾರವಾರದವರಿಗೆ ಮಡಗಾಂವ್, ಶಿರಸಿ–ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ. ವಿದೇಶದಿಂದ ಬರುವ ಪ್ಲೇಟಿಗೆ ವಾರಗಟ್ಟಲೆ ಕಾಯಬೇಕು, ಕಸ್ಟಮ್ಸ್ ಸುಂಕವೂ ಸೇರುತ್ತದೆ. ಇರುವ ಒಂದೇ ಕಾರು ಲಿಫ್ಟಿನ ಮೇಲೆ ಕೂತರೆ ನಿತ್ಯದ ಕೆಲಸ ನಿಲ್ಲುತ್ತದೆ.

ನಿಮ್ಮ ಎಂಜಿನ್ನಿನ ಟಾರ್ಕ್ ತಿಳಿದಿರಲಿ. ಪೋಲೊ 1.0 ಟಿಎಸ್‌ಐ 175 ಎನ್‌ಎಂ, ಐ20 ಎನ್ ಲೈನ್ 172, ಅಬಾರ್ತ್ ಪುಂಟೊ 212, ಸ್ಲಾವಿಯಾ ಮತ್ತು ವರ್ಟಸ್‌ನ 1.5 ಟಿಎಸ್‌ಐ 250. ರೀಮ್ಯಾಪ್ ಮಾಡಿಸಿದ್ದರೆ ಹೊಸ ಟಾರ್ಕ್ ಎಷ್ಟು, ಯಾವ ಆರ್‌ಪಿಎಂನಲ್ಲಿ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಕ್ಲಚ್ಚಿಗೆ ಪೆಟ್ಟು ಕೊಡುವುದು ಗರಿಷ್ಠ ಪವರ್ ಅಲ್ಲ, 1800–2500 ಆರ್‌ಪಿಎಂ ನಡುವೆ ಒಮ್ಮೆಲೇ ನುಗ್ಗುವ ಟಾರ್ಕ್.

ಆಯ್ಕೆಗಳು

ಹಳೇ ಪ್ಲೇಟಿಗೆ ಹೊಸ ಲೈನಿಂಗ್: ಅತಿ ಅಗ್ಗ. ಟೆಂಪೊ, ಟ್ರ್ಯಾಕ್ಟರುಗಳಲ್ಲಿ ಚೆನ್ನಾಗಿಯೇ ನಡೆಯುತ್ತದೆ. 6000 ಆರ್‌ಪಿಎಂ ದಾಟುವ ಪೆಟ್ರೋಲ್ ಎಂಜಿನ್ನಿಗೆ ಬೇಡವೇ ಬೇಡ. ಲೈನಿಂಗ್ ಮತ್ತು ರಿವೆಟ್ ಆ ವೇಗದ ಕೇಂದ್ರಾಪಗಾಮಿ ಬಲಕ್ಕೆ ಪರೀಕ್ಷೆಗೊಂಡಿರುವುದಿಲ್ಲ, ಕಿತ್ತುಬಂದರೆ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಕವಚ) ಒಳಗಿರುವುದೆಲ್ಲ ಹಾಳು. ಹಬ್ಬಿನ (ಪ್ಲೇಟಿನ ನಡುಭಾಗದ) ಡ್ಯಾಂಪರ್ ಸ್ಪ್ರಿಂಗುಗಳು, ಸವೆದ ಸ್ಪ್ಲೈನ್ ಎಲ್ಲ ಹಳೆಯವೇ ಉಳಿಯುತ್ತವೆ. ಗೇರ್‌ಬಾಕ್ಸನ್ನು ಮತ್ತೆ ಇಳಿಸುವ ಕೂಲಿ ಸೇರಿಸಿದರೆ ಇದು ಅಗ್ಗವೂ ಅಲ್ಲ.

ಕಂಪನಿ ದರ್ಜೆಯ ಕಿಟ್: ಕಾರು ತಯಾರಕರ ಪೊಟ್ಟಣದಲ್ಲಾಗಲಿ, ಅವರಿಗೆ ಕ್ಲಚ್ ಪೂರೈಸುವ ಲೂಕ್, ವ್ಯಾಲಿಯೋ, ಸ್ಯಾಕ್ಸ್, ಎಕ್ಸೆಡಿಯಂಥವರ ಪೊಟ್ಟಣದಲ್ಲಾಗಲಿ ಬರುವ ಆರ್ಗ್ಯಾನಿಕ್ (ನಾರು, ರಾಳ ಬೆರೆಸಿದ ಸಾಮಾನ್ಯ) ಲೈನಿಂಗಿನ ಪ್ಲೇಟ್, ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಅದನ್ನು ಬಿಡಿಸುವ ರಿಲೀಸ್ ಬೇರಿಂಗ್. ಪೆಡಲ್ ಹಗುರ. ಹಿಡಿಯುವ ಜಾಗ ಅಗಲ, ಹಾಗಾಗಿ ಜಾರುವ ಪಾಚಿಗಟ್ಟಿದ ಏರಿನಲ್ಲೂ ಚಕ್ರ ತಿರುಗದಂತೆ ಮೆಲ್ಲಗೆ ಎತ್ತಬಹುದು. ನೀರು ತಾಗಿದರೂ ನಾಲ್ಕಾರು ಸಲ ಬಿಟ್ಟು ಹಿಡಿದರೆ ಒಣಗಿ ಸರಿಹೋಗುತ್ತದೆ. ತುಸು ಬಿಸಿಯಾದರೂ ಆರಿದ ಮೇಲೆ ಹಿಡಿತ ಬಹುಮಟ್ಟಿಗೆ ಮರಳುತ್ತದೆ. ತಯಾರಕರು ಸಾಮಾನ್ಯವಾಗಿ ಎಂಜಿನ್ನಿನ ಟಾರ್ಕಿಗಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯವನ್ನೇ ಇಟ್ಟಿರುತ್ತಾರೆ. ಎಂಜಿನ್ ಮುಟ್ಟದ ಕಾರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕ್ಲಚ್ 40 ಸಾವಿರ ಕಿ.ಮೀ.ಗೇ ಹೋಯಿತು, ಹಾಗಾಗಿ ಗಟ್ಟಿಯದು ಬೇಕು ಎನ್ನುವವರು ಮೊದಲು ಮನೆಯ ಏರು ಮತ್ತು ಎಡಗಾಲಿನ ಅಭ್ಯಾಸವನ್ನು ನೋಡಿಕೊಳ್ಳಲಿ. ಪೊಟ್ಟಣ ಕೊಳ್ಳುವಾಗ ಮಾದರಿಯ ಹೆಸರು ನೋಡಿ ಕೊಳ್ಳಬೇಡಿ, ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಹೊಂದಿಸಿ. ಒಂದೇ ಕಾರಿನ ಎರಡು ವರ್ಷಗಳ ಮಾದರಿಗಳಲ್ಲೇ ಪ್ಲೇಟಿನ ವ್ಯಾಸ, ಸ್ಪ್ಲೈನ್ ಹಲ್ಲಿನ ಸಂಖ್ಯೆ ಬೇರೆ ಇರಬಹುದು. ನಕಲಿ ಪೊಟ್ಟಣಗಳೂ ಮಾರುಕಟ್ಟೆಯಲ್ಲಿವೆ, ಬಿಲ್ ಇಲ್ಲದೆ ತರಬೇಡಿ.

ಗಟ್ಟಿ ಪ್ರೆಶರ್ ಪ್ಲೇಟ್, ಆರ್ಗ್ಯಾನಿಕ್ ಪ್ಲೇಟ್: ಮಾರಾಟಗಾರರು ಇದನ್ನೇ ಹೆಚ್ಚಾಗಿ ಸ್ಟೇಜ್ 1 ಅನ್ನುತ್ತಾರೆ. ಸ್ಟೇಜ್ ಎಂಬುದಕ್ಕೆ ಎಲ್ಲರೂ ಒಪ್ಪಿದ ಮಾನದಂಡ ಇಲ್ಲ, ಒಬ್ಬರ ಸ್ಟೇಜ್ 2 ಇನ್ನೊಬ್ಬರ ಸ್ಟೇಜ್ 1 ಆಗಿರಬಹುದು. ಪೊಟ್ಟಣದ ಮೇಲೆ ಎಷ್ಟು ಎನ್‌ಎಂ ಬರೆದಿದೆ ಎಂಬುದನ್ನು ಮಾತ್ರ ನಂಬಿ. ರೀಮ್ಯಾಪ್ ಮಾಡಿಸಿದ ದಿನಬಳಕೆಯ ಕಾರಿಗೆ ನಾವು ಒತ್ತಿ ಹೇಳುವ ಆಯ್ಕೆ ಇದೇ. ಮೆತ್ತನೆಯ ಹಿಡಿತ ಹಾಗೇ ಉಳಿಯುತ್ತದೆ, ಶೇ. 20–30 ಹೆಚ್ಚು ಟಾರ್ಕ್ ಹಿಡಿಯುತ್ತದೆ. ಬೆಲೆ ಎಂದರೆ ಪೆಡಲಿನ ಭಾರ. ಕಾರವಾರ ಪೇಟೆಯಲ್ಲಿ ಅದು ಗೊತ್ತಾಗುವುದಿಲ್ಲ, ಘಟ್ಟದಲ್ಲಿ ಅರ್ಧ ಗಂಟೆ ಸಾಲಿನಲ್ಲಿ ಸಿಕ್ಕಿದಾಗ ಮೊಣಕಾಲು ಹೇಳುತ್ತದೆ. ಇನ್ನೊಂದು ಬೆಲೆ ಕಣ್ಣಿಗೆ ಬೀಳದ್ದು: ಪೆಡಲ್ ಒತ್ತಿದಾಗಲೆಲ್ಲ ಆ ಹೆಚ್ಚುವರಿ ಬಲ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ, ಸ್ಲೇವ್ ಸಿಲಿಂಡರಿನ ಸೀಲಿನ ಮೇಲೂ ಬೀಳುತ್ತದೆ. ಟಾರ್ಕಿಗೆ ಬೇಕಾದ್ದಕ್ಕಿಂತ ಹೆಚ್ಚು ಗಟ್ಟಿಯದನ್ನು ಹಾಕಿಸುವುದರಲ್ಲಿ ಲಾಭವಿಲ್ಲ. ಎಂಜಿನ್ ಟಾರ್ಕ್ 220 ಎನ್‌ಎಂ ಇದ್ದರೆ 280–300 ಹಿಡಿಯುವ ಕ್ಲಚ್ ಸಾಕು, 450ರದ್ದು ಬೇಡ.

ಕೆವ್ಲಾರ್ (ಗಟ್ಟಿ ಕೃತಕ ನಾರಿನ ಲೈನಿಂಗ್): ಬಾಳಿಕೆ ಹೆಚ್ಚು, ಹಿಡಿತವೂ ಮೆತ್ತಗೆ. ಕಾಗದದ ಮೇಲೆ ನೋಡಿದರೆ ದಿನಬಳಕೆಗೆ ಹೇಳಿ ಮಾಡಿಸಿದಂತಿದೆ. ನಮ್ಮ ಘಟ್ಟಗಳಿಗೆ ಮಾತ್ರ ಇದನ್ನು ಹೇಳಲು ಮನಸ್ಸಿಲ್ಲ. ನಿಧಾನಗತಿಯಲ್ಲಿ ಸತತ ಜಾರಿಸಿ ಬಿಸಿ ಏರಿದರೆ ಕೆವ್ಲಾರಿನ ಮುಖ ಗಾಜಿನಂತೆ ನಯವಾಗಿಬಿಡುತ್ತದೆ, ಆಮೇಲೆ ಆರ್ಗ್ಯಾನಿಕ್ಕಿನಷ್ಟು ಸುಲಭವಾಗಿ ಹಿಡಿತ ಮರಳುವುದಿಲ್ಲ. ಪಳಗಿಸುವ ಅವಧಿಯೂ ಉದ್ದ, ಸಾವಿರ ಕಿ.ಮೀ. ದಾಟಬಹುದು. ಹೊನ್ನಾವರ–ಭಟ್ಕಳದಂಥ ಸಮತಟ್ಟಿನ ಹೆದ್ದಾರಿಯಲ್ಲೇ ಓಡಾಡುವ, ಘಟ್ಟ ಅಪರೂಪವಾದವರಿಗೆ ಸರಿ.

ಸೆರಾಮಿಕ್: ಇಡೀ ವೃತ್ತದ ಲೈನಿಂಗ್ ಬದಲು ನಾಲ್ಕೋ ಆರೋ ತುಂಡುಗಳಿರುವ ಪ್ಲೇಟ್. ಬಿಸಿ ತಾಳುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಬಿಸಿ ತಾಳುತ್ತದೆ ಎಂದಮೇಲೆ ಘಟ್ಟಕ್ಕೆ ಇದೇ ತಕ್ಕದ್ದಲ್ಲವೇ ಎಂದು ಕೇಳುವವರಿದ್ದಾರೆ. ಪ್ಲೇಟ್ ತಾಳುತ್ತದೆ, ಉಳಿದದ್ದು ತಾಳುವುದಿಲ್ಲ. ಹಿಡಿಯುವ ಜಾಗ ಬೆರಳಿನಷ್ಟು ಕಿರಿದು, ಹಿಡಿದರೆ ಒಮ್ಮೆಲೇ ಹಿಡಿಯುತ್ತದೆ. ಜುಲೈ ತಿಂಗಳಿನ ಮಳೆಯಲ್ಲಿ ಚಿರೆಕಲ್ಲಿನ ಏರಿನಲ್ಲಿ ಒಂದೋ ಎಂಜಿನ್ ಆಫ್, ಇಲ್ಲವೇ ಮುಂದಿನ ಚಕ್ರ ಗಿರ್ ಎಂದು ತಿರುಗಿ ಕಾರು ಚರಂಡಿ ಕಡೆ ಮುಖ. ಆ ಪೆಟ್ಟು ಗೇರ್‌ಬಾಕ್ಸಿಗೂ ಡ್ರೈವ್‌ಶಾಫ್ಟಿನ ಜಾಯಿಂಟಿಗೂ ಹೋಗುತ್ತದೆ. ಫ್ಲೈವೀಲಿನ ಮುಖ ಬೇಗ ಸವೆಯುತ್ತದೆ. ಮೆಲ್ಲಗೆ ಎತ್ತಲು ಹೋಗಿ ಹೆಚ್ಚು ಜಾರಿಸಿದರೆ ನಡುಕ. ಟ್ರ್ಯಾಕಿಗೆಂದೇ ಇಟ್ಟ ಕಾರಿಗೆ, ಇಲ್ಲವೇ ಟಾರ್ಕ್ ಎರಡು ಪಟ್ಟಿನ ಹತ್ತಿರ ಏರಿದ ಕಾರಿಗೆ ಬಿಡಿ. ನಿತ್ಯ ಮನೆಯವರೂ ಓಡಿಸುವ ಕಾರಿಗೆ ಬೇಡ. ಒಂದು ಮುಖ ಆರ್ಗ್ಯಾನಿಕ್, ಇನ್ನೊಂದು ಸೆರಾಮಿಕ್ ಇರುವ ಮಿಶ್ರ ಪ್ಲೇಟ್ ತುಸು ಸೌಮ್ಯ, ಆದರೂ ಹಿಡಿತದಲ್ಲಿ ಸೆರಾಮಿಕ್ಕಿನ ಗುಣವೇ ಮೇಲುಗೈ. ಎರಡು ಪ್ಲೇಟಿನ ಕ್ಲಚ್ಚಿನ ಮಾತು 400 ಎನ್‌ಎಂ ದಾಟಿದ ಮೇಲೆ ನೋಡಿದರಾಯಿತು.

ಯಾವುದನ್ನೇ ಹಾಕಿಸಿ, ಹಬ್ಬಿನಲ್ಲಿ ಸ್ಪ್ರಿಂಗ್ ಇರುವ ಪ್ಲೇಟನ್ನೇ ತನ್ನಿ. ಸ್ಪ್ರಿಂಗ್ ಇಲ್ಲದ ಗಟ್ಟಿ ಹಬ್ಬನ್ನು ಒಂದು ಸಂದರ್ಭದಲ್ಲಿ ಮಾತ್ರ ಒಪ್ಪಬಹುದು, ಅದು ಫ್ಲೈವೀಲಿನ ವಿಷಯ.

ಫ್ಲೈವೀಲ್: ನಿಜವಾದ ಖರ್ಚು ಇಲ್ಲಿದೆ

ಹಲವು ಟರ್ಬೊ ಕಾರುಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಎರಡು ತೂಕದ ಚಕ್ರಗಳ ನಡುವೆ ಸ್ಪ್ರಿಂಗ್ ಮತ್ತು ಗ್ರೀಸ್ ಇದ್ದು ಎಂಜಿನ್ನಿನ ಅದುರು ಗೇರ್‌ಬಾಕ್ಸಿಗೆ ದಾಟದಂತೆ ತಡೆಯುತ್ತದೆ. ಇಂಥ ಫ್ಲೈವೀಲ್ ಇದ್ದಲ್ಲಿ ಪ್ಲೇಟಿನ ಹಬ್ಬು ಗಟ್ಟಿಯಾಗಿರುವುದು ಸಹಜ. ಬದಲಿಸಬೇಕಾಗಿ ಬಂದರೆ ಇದೊಂದರ ಬೆಲೆಯೇ ಎಷ್ಟೋ ಸಲ ಕ್ಲಚ್ ಕಿಟ್ ದಾಟುತ್ತದೆ. ಹಾಗೆಂದು ಕಣ್ಣುಮುಚ್ಚಿ ಬದಲಿಸಬೇಕಿಲ್ಲ. ಗೇರ್‌ಬಾಕ್ಸ್ ಇಳಿದ ಮೇಲೆ ಕೈಯಿಂದ ಎಡಕ್ಕೆ ಬಲಕ್ಕೆ ತಿರುಗಿಸಿ ಎಷ್ಟು ಸಡಿಲ ಇದೆ, ಅಂಚು ಹಿಡಿದು ಅಲ್ಲಾಡಿಸಿದರೆ ಎಷ್ಟು ಓಲಾಡುತ್ತದೆ ಎಂದು ಆ ಪಾರ್ಟ್ ನಂಬರಿನ ಮಿತಿಗೆ ಹೋಲಿಸಬೇಕು. ಗ್ರೀಸ್ ಹೊರಚೆಲ್ಲಿದ್ದರೆ, ಮುಖದಲ್ಲಿ ಕಡುನೀಲಿ ಕಲೆ ಮತ್ತು ಬಿರುಕಿದ್ದರೆ, ಎಂಜಿನ್ ಆಫ್ ಮಾಡುವಾಗ ಕಬ್ಬಿಣ ಬಡಿದ ಸದ್ದು ಬರುತ್ತಿದ್ದರೆ ಬದಲಿಸಿ. ಮಿತಿಯೊಳಗಿದ್ದರೆ ಸ್ವಚ್ಛ ಮಾಡಿ ಮುಂದುವರಿಯಬಹುದು. ಕಾರು ಲಕ್ಷ ಕಿ.ಮೀ. ದಾಟಿದ್ದು, ಇನ್ನೂ ಹಲವು ವರ್ಷ ಇಟ್ಟುಕೊಳ್ಳುವ ಯೋಚನೆಯಿದ್ದರೆ ಈಗಲೇ ಹೊಸದು ಹಾಕಿಸುವುದು ಜಾಣತನ, ಎರಡನೇ ಸಲ ಗೇರ್‌ಬಾಕ್ಸ್ ಇಳಿಸುವ ಕೂಲಿ ಉಳಿಯುತ್ತದೆ.

ಅಗ್ಗವಾಗಲಿ ಎಂದು ಒಂಟಿ ತೂಕದ ಫ್ಲೈವೀಲಿಗೆ ಬದಲಾಯಿಸುವವರಿದ್ದಾರೆ. ಆಗ ಪ್ಲೇಟಿನ ಹಬ್ಬಿನಲ್ಲಿ ಸ್ಪ್ರಿಂಗ್ ಇರಲೇಬೇಕು. ಐಡಲಿಂಗ್‌ನಲ್ಲಿ ಗೇರ್ ಹಲ್ಲುಗಳ ಗಲಗಲ ಸದ್ದು ಬರುತ್ತದೆ, ಅದಕ್ಕೆ ಒಗ್ಗಿಕೊಳ್ಳಬೇಕು. ತೀರಾ ಹಗುರದ ಫ್ಲೈವೀಲ್ ಬೇಡ. ಎಂಜಿನ್ ಬೇಗ ಏರುತ್ತದೆ ನಿಜ, ಅಷ್ಟೇ ಬೇಗ ಇಳಿಯುತ್ತದೆ ಕೂಡ. ಕಾರು ಎತ್ತುವಾಗ ನೆರವಾಗುವುದು ತಿರುಗುತ್ತಿರುವ ಆ ತೂಕವೇ. ಅದಿಲ್ಲದಿದ್ದರೆ ಏರಿನಲ್ಲಿ ಪ್ರತಿಸಲವೂ ಹೆಚ್ಚು ಆರ್‌ಪಿಎಂ, ಹೆಚ್ಚು ಜಾರಿಕೆ, ಹೆಚ್ಚು ಬಿಸಿ.

ಮೊದಲಿನಿಂದಲೂ ಒಂಟಿ ಫ್ಲೈವೀಲ್ ಇರುವ ಕಾರಾದರೆ ಮುಖವನ್ನು ಗ್ರೈಂಡ್ ಮಾಡಿಸಬಹುದು. ಲೇತಿನಲ್ಲಿ ಕೆರೆಯುವುದಕ್ಕಿಂತ ಗ್ರೈಂಡಿಂಗ್ ಒಳ್ಳೆಯದು. ಬಿಸಿಗೆ ಗಡುಸಾದ ಕಲೆಗಳ ಮೇಲೆ ಲೇತಿನ ಟೂಲ್ ಹಾರುತ್ತದೆ, ಅಲ್ಲಿ ಉಬ್ಬು ಉಳಿಯುತ್ತದೆ, ಆಮೇಲೆ ಹೊಸ ಪ್ಲೇಟೂ ನಡುಗುತ್ತದೆ. ಪ್ರೆಶರ್ ಪ್ಲೇಟ್ ಕೂರುವ ಅಂಚು ಮತ್ತು ಉಜ್ಜುವ ಮುಖದ ನಡುವೆ ಮೆಟ್ಟಿಲಿದ್ದರೆ ಎರಡರಿಂದಲೂ ಸಮನಾಗಿ ತೆಗೆದು ಅದರ ಎತ್ತರ ಕಾಯ್ದುಕೊಳ್ಳಬೇಕು. ಡ್ಯುಯಲ್ ಮಾಸನ್ನು ಮಾತ್ರ ಯಂತ್ರಕ್ಕೆ ಕೊಡಬೇಡಿ.

ಹಾಗಾದರೆ ಯಾರಿಗೆ ಯಾವುದು

ಕೈ ಬಿಗಿ ಇದೆ, ಎಂಜಿನ್ ಕಂಪನಿಯದೇ: ಕಂಪನಿ ದರ್ಜೆಯ ಪೂರ್ತಿ ಕಿಟ್, ಫ್ಲೈವೀಲ್ ಪರೀಕ್ಷೆ. ಕಿಟ್ ಬದಲು ಪ್ಲೇಟ್ ಒಂದನ್ನೇ ಕೊಂಡು ಉಳಿಸಲು ಹೋಗಬೇಡಿ. ಉಳಿಸಲೇಬೇಕಿದ್ದರೆ ರೀಮ್ಯಾಪಿನ ಹಣ ಉಳಿಸಿ.

ರೀಮ್ಯಾಪ್ ಆಗಿದೆ, ವಾರಕ್ಕೊಮ್ಮೆಯಾದರೂ ಘಟ್ಟ: ಗಟ್ಟಿ ಪ್ರೆಶರ್ ಪ್ಲೇಟ್, ಆರ್ಗ್ಯಾನಿಕ್ ಪ್ಲೇಟ್, ಒಳ್ಳೆಯ ಸ್ಥಿತಿಯ ಡ್ಯುಯಲ್ ಮಾಸ್. ಹಣ ಸಾಲದಿದ್ದರೆ ಕಂಪನಿ ಕಿಟ್ಟನ್ನೇ ಹಾಕಿಸಿ, 2500 ಆರ್‌ಪಿಎಂ ಕೆಳಗೆ ಟಾರ್ಕ್ ತಗ್ಗಿಸಿದ ಮ್ಯಾಪ್ ಕೇಳಿ. ಹಲವು ಕಾರುಗಳಲ್ಲಿ ಅಷ್ಟರಿಂದಲೇ ಜಾರುವುದು ನಿಲ್ಲುತ್ತದೆ.

ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕ್, ಉಳಿದ ದಿನ ಕುಮಟಾ–ಗೋಕರ್ಣ: ಆಗಲೂ ಇದೇ ಎರಡನೆಯದು. ಎರಡು ದಿನದ ಟ್ರ್ಯಾಕಿಗಾಗಿ ಮುನ್ನೂರಕ್ಕೂ ಹೆಚ್ಚು ದಿನ ಸೆರಾಮಿಕ್ ಜೊತೆ ಗುದ್ದಾಡುವುದು ತರವಲ್ಲ.

ಜೋಡಣೆ

ಯಾವ ಕ್ಲಚ್ ಆರಿಸಿದರೂ ಕೂಲಿ ಒಂದೇ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಅನುಭವಿಗೆ ಆರರಿಂದ ಎಂಟು ಗಂಟೆ ಕೆಲಸ. ಹಾಗಾಗಿ ಗೇರ್‌ಬಾಕ್ಸ್ ಕೆಳಗಿರುವಾಗ ಬದಲಿಸಬಹುದಾದ ಸಣ್ಣಪುಟ್ಟದ್ದನ್ನೆಲ್ಲ ಮೊದಲೇ ತರಿಸಿಡಿ: ರಿಲೀಸ್ ಬೇರಿಂಗ್, ಕ್ರ್ಯಾಂಕ್ ಹಿಂಬದಿಯ ಆಯಿಲ್ ಸೀಲ್, ಇನ್‌ಪುಟ್ ಶಾಫ್ಟ್ ಸೀಲ್, ಡ್ರೈವ್‌ಶಾಫ್ಟ್ ಸೀಲುಗಳು, ಹೊಸ ಫ್ಲೈವೀಲ್ ಬೋಲ್ಟುಗಳು, ಹಬ್ ನಟ್, ಅರ್ಧ ಲೀಟರ್ ಡಾಟ್-4 (ಬ್ರೇಕ್–ಕ್ಲಚ್ ದ್ರವ), ಕೈಪಿಡಿ ಹೇಳಿದ ದರ್ಜೆಯ ಸುಮಾರು ಎರಡು ಲೀಟರ್ ಗೇರ್ ಆಯಿಲ್. ಜಿಎಲ್-4 ಕೇಳಿದಲ್ಲಿ ಜಿಎಲ್-5 ಸುರಿಯಬಾರದು, ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಅದು ಆಗಿಬರದಿರಬಹುದು. ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ ಒಳಗೇ ಇರುವ ಬಗೆಯದಾದರೆ ಅದನ್ನೂ ಹೊಸದೇ ಹಾಕಿಸಿ. ಹಳೆಯದು ಆರು ತಿಂಗಳಲ್ಲಿ ಸೋರಿದರೆ ಮತ್ತೆ ಇಡೀ ಕೆಲಸ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರನ್ನು ಲಿಫ್ಟಿಗೋ ಗಟ್ಟಿ ಸ್ಟ್ಯಾಂಡಿಗೋ ಏರಿಸಿ, ಗೇರ್ ಆಯಿಲ್ ಇಳಿಸಿ, ಡ್ರೈವ್‌ಶಾಫ್ಟ್, ಸ್ಟಾರ್ಟರ್, ಗೇರ್ ಕೇಬಲ್, ಸ್ಲೇವ್ ಸಿಲಿಂಡರ್ ಬಿಡಿಸಬೇಕು. ಎಂಜಿನ್ನಿಗೆ ಮೇಲಿನಿಂದ ಆಧಾರ ಕೊಟ್ಟ ಮೇಲೆಯೇ ಗೇರ್‌ಬಾಕ್ಸ್ ಮೌಂಟ್ ಕಳಚುವುದು. ಗೇರ್‌ಬಾಕ್ಸ್ 30–45 ಕಿಲೊ ತೂಗುತ್ತದೆ, ಜ್ಯಾಕ್ ಇಲ್ಲದೆ ಇಬ್ಬರು ಕೈಯಲ್ಲಿ ಹಿಡಿದು ಇಳಿಸುವ ಸಾಹಸ ಬೇಡ.

ಬಿಚ್ಚಿದ ಹಳೇ ಪ್ಲೇಟನ್ನು ಎಸೆಯುವ ಮೊದಲು ಓದಿ. ರಿವೆಟ್ ತಲೆ ಲೈನಿಂಗ್ ಮಟ್ಟಕ್ಕೆ ಬಂದಿದ್ದರೆ ಸಹಜ ಸವೆತ. ಲೈನಿಂಗ್ ದಪ್ಪ ಉಳಿದಿದ್ದೂ ಕಪ್ಪಾಗಿ ಸುಟ್ಟಿದ್ದರೆ ಬಿಸಿ, ಅಂದರೆ ಓಡಿಸುವ ರೀತಿ. ಎಣ್ಣೆ ಜಿಡ್ಡಿದ್ದರೆ ಸೀಲ್. ಒಂದು ಮುಖ ಮಾತ್ರ ಸವೆದಿದ್ದರೆ ಪ್ಲೇಟ್ ಸ್ಪ್ಲೈನಿನ ಮೇಲೆ ಸರಿಯಾಗಿ ಸರಿದಾಡುತ್ತಿರಲಿಲ್ಲ. ಈ ಕಾರಣ ಹಾಗೇ ಉಳಿದರೆ ಹೊಸ ಕ್ಲಚ್ಚಿಗೂ ಅದೇ ಗತಿ.

ಇನ್‌ಪುಟ್ ಶಾಫ್ಟಿನ ಸ್ಪ್ಲೈನನ್ನು ತಂತಿ ಬ್ರಶ್ಶಿನಿಂದ ಉಜ್ಜಿ ತುಕ್ಕು ಪೂರ್ತಿ ತೆಗೆಯಿರಿ. ಹೊಸ ಪ್ಲೇಟನ್ನು ಒಣಗಿದ ಶಾಫ್ಟಿಗೆ ಹಾಕಿ ನೋಡಿ, ತಡೆಯಿಲ್ಲದೆ ಜಾರಬೇಕು. ಗ್ರೀಸ್ ಬೇಕೆಂದಿದ್ದರೆ ಕ್ಲಚ್ ಸ್ಪ್ಲೈನಿಗೆಂದೇ ಬರುವ ಗ್ರೀಸನ್ನು ತೆಳುವಾಗಿ ಸವರಿ, ಪ್ಲೇಟನ್ನು ಎರಡು ಸಲ ಹಿಂದೆ ಮುಂದೆ ಸರಿಸಿ, ಹೊರಬಂದದ್ದನ್ನು ಒರೆಸಿಬಿಡಿ. ಹೆಚ್ಚಾದರೆ ತಿರುಗುವಾಗ ಹಾರಿ ಲೈನಿಂಗ್ ಮೇಲೆ ಬೀಳುತ್ತದೆ. ನಿಕಲ್ ಲೇಪನದ ಹಬ್ಬಿಗೆ ಗ್ರೀಸ್ ಬೇಡವೆಂದು ಕೆಲವು ತಯಾರಕರು ಸ್ಪಷ್ಟವಾಗಿ ಹೇಳುತ್ತಾರೆ, ಕಿಟ್ಟಿನೊಳಗಿನ ಚೀಟಿ ಓದಿ.

ಹೊಸ ಪ್ರೆಶರ್ ಪ್ಲೇಟಿನ ಮುಖಕ್ಕೆ ತುಕ್ಕು ತಡೆಯುವ ಎಣ್ಣೆಯ ಪದರ ಇರುತ್ತದೆ. ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಫ್ಲೈವೀಲನ್ನೂ ಒರೆಸಿ, ಆಮೇಲೆ ಜಿಡ್ಡುಗೈಯಲ್ಲಿ ಮುಟ್ಟಬೇಡಿ. ಪ್ಲೇಟಿನ ಯಾವ ಮುಖ ಗೇರ್‌ಬಾಕ್ಸ್ ಕಡೆಗೆ ಎಂದು ಅದರ ಮೇಲೇ ಮುದ್ರಿಸಿರುತ್ತದೆ. ತಿರುವುಮುರುವಾದರೆ ಹಬ್ಬಿನ ಸ್ಪ್ರಿಂಗ್ ಭಾಗ ಫ್ಲೈವೀಲ್ ಬೋಲ್ಟುಗಳಿಗೆ ಉಜ್ಜಿ, ಕ್ಲಚ್ ಬಿಡುವುದೇ ಇಲ್ಲ.

ಫ್ಲೈವೀಲ್ ಬೋಲ್ಟುಗಳು ಹಿಗ್ಗುವ ಬಗೆಯವಾದರೆ ಒಮ್ಮೆ ಬಿಚ್ಚಿದವನ್ನು ಮತ್ತೆ ಹಾಕುವಂತಿಲ್ಲ. ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಎಂಜಿನ್ನುಗಳಲ್ಲಿ 60 ಎನ್‌ಎಂ ಬಿಗಿದು ಮೇಲೆ 90 ಡಿಗ್ರಿ ತಿರುಗಿಸುವ ಕ್ರಮವಿದೆ. ನಿಮ್ಮ ಎಂಜಿನ್ನಿನ ಸಂಖ್ಯೆ ಕೈಪಿಡಿಯಲ್ಲಿ ನೋಡಿ. ಪ್ಲೇಟ್ ನಡುವಿಗೆ ಬರುವಂತೆ ಅಲೈನ್‌ಮೆಂಟ್ ಟೂಲ್ ಹಾಕಿ, ಪ್ರೆಶರ್ ಪ್ಲೇಟ್ ಬೋಲ್ಟುಗಳನ್ನು ಎದುರುಬದುರು, ಒಂದು ಸಲಕ್ಕೆ ಅರ್ಧ ಸುತ್ತಿನಂತೆ ಬಿಗಿಯಿರಿ. ಎಂ8 ಬೋಲ್ಟಿಗೆ ಸಾಮಾನ್ಯವಾಗಿ 20–25 ಎನ್‌ಎಂ, ಸಣ್ಣದಕ್ಕೆ ಇನ್ನೂ ಕಡಿಮೆ. ಒಂದೇ ಕಡೆ ಪೂರ್ತಿ ಬಿಗಿದರೆ ಕವರ್ ಸೊಟ್ಟಗಾಗುತ್ತದೆ, ನಡುಕ ಅಲ್ಲಿಂದಲೇ ಶುರು. ಲೈನಿಂಗ್ ಸವೆದಂತೆ ತಾನೇ ಹೊಂದಿಕೊಳ್ಳುವ ಬಗೆಯ ಪ್ರೆಶರ್ ಪ್ಲೇಟಾದರೆ ಅದರದೇ ಒತ್ತುವ ಟೂಲ್ ಬೇಕು. ಟೂಲ್ ಇಲ್ಲದೆ ಬೋಲ್ಟಿನಿಂದಲೇ ಎಳೆದು ಕೂರಿಸಿದರೆ ಒಳಗಿನ ಹೊಂದಾಣಿಕೆಯ ಉಂಗುರ ಮೊದಲೇ ಸರಿದುಬಿಡುತ್ತದೆ, ಹೊಸ ಕ್ಲಚ್ಚಿನ ಪೆಡಲ್ ಮೊದಲ ದಿನದಿಂದಲೇ ವಿಚಿತ್ರ. ಗ್ಯಾರೇಜಿನಲ್ಲಿ ಈ ಟೂಲ್ ಇದೆಯೇ ಎಂದು ಕಾರು ಬಿಡುವ ಮೊದಲೇ ಕೇಳಿ. ಇಲ್ಲವೆಂದರೆ ಹುಬ್ಬಳ್ಳಿಗೆ ಹೋಗುವುದೇ ಲೇಸು.

ಗೇರ್‌ಬಾಕ್ಸ್ ಏರಿಸುವಾಗ ಆಗುವ ತಪ್ಪೇ ಹೆಚ್ಚು ದುಬಾರಿ. ಶಾಫ್ಟ್ ಪ್ಲೇಟಿನೊಳಗೆ ಅರ್ಧ ಹೋಗಿರುವಾಗ ಗೇರ್‌ಬಾಕ್ಸಿನ ತೂಕವನ್ನು ಅದರ ಮೇಲೆ ತೂಗುಬಿಟ್ಟರೆ ಪ್ಲೇಟ್ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದರೂ ಗೇರ್ ಗರ್ ಎನ್ನುತ್ತದೆ, ಎಷ್ಟು ಬ್ಲೀಡ್ ಮಾಡಿ ಗಾಳಿ ತೆಗೆದರೂ ಹೋಗುವುದಿಲ್ಲ. ಗೇರ್‌ಬಾಕ್ಸನ್ನು ಎಂಜಿನ್ನಿಗೆ ನೇರವಾಗಿ ಕೂರಿಸುವ ಎರಡು ಡೋವೆಲ್ ಪಿನ್ನುಗಳು ಜಾಗದಲ್ಲಿವೆಯೇ ನೋಡಿ. ಬೆಲ್ ಹೌಸಿಂಗ್ ಎಂಜಿನ್ನಿಗೆ ಕೈಯಲ್ಲಿ ಒತ್ತಿದಾಗಲೇ ಅಂಟಿ ಕೂರಬೇಕು. ನಡುವೆ ಸಂದಿ ಉಳಿದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಹೊರತೆಗೆದು ಮತ್ತೆ ಹೊಂದಿಸಿ. ಪೂರ್ತಿ ಕೂರುವವರೆಗೆ ಯಾರೂ ಪೆಡಲ್ ಒತ್ತಬಾರದು, ಸ್ಲೇವ್ ಸಿಲಿಂಡರಿನ ಪಿಸ್ಟನ್ ಹೊರಚಿಮ್ಮುತ್ತದೆ.

ಆಮೇಲೆ ಹೊಸ ಡಾಟ್-4 ತುಂಬಿ ಗಾಳಿ ಪೂರ್ತಿ ತೆಗೆಯಿರಿ. ಈ ದ್ರವ ಗಾಳಿಯ ತೇವ ಹೀರುತ್ತದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಕರಾವಳಿಯಲ್ಲಿ ಎರಡು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಬದಲಿಸುವುದು ಒಳ್ಳೆಯದು. ಬಾಟಲಿ ತೆರೆದಿಟ್ಟು ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ.

ಪಳಗಿಸುವುದು, ಮಳೆಗಾಲದ ಎಚ್ಚರ

ಆರ್ಗ್ಯಾನಿಕ್ ಪ್ಲೇಟಿಗೆ 500–800 ಕಿ.ಮೀ. ಪಳಗಿಸುವ ಅವಧಿ. ಲೆಕ್ಕ ಕಿಲೊಮೀಟರಿನದಲ್ಲ, ಎಷ್ಟು ಸಲ ಬಿಟ್ಟು ಹಿಡಿದಿರಿ ಎಂಬುದರದು. ಕಾರವಾರದಿಂದ ಭಟ್ಕಳಕ್ಕೆ ಐದನೇ ಗೇರಿನಲ್ಲಿ ಹೋಗಿಬಂದರೆ ಕ್ಲಚ್ ಪಳಗುವುದಿಲ್ಲ. ಶಿರಸಿ ಪೇಟೆಯಲ್ಲಿ ವಾರವಿಡೀ ಓಡಾಡಿದರೆ ಪಳಗುತ್ತದೆ. ಅಲ್ಲಿಯವರೆಗೆ ಪೂರ್ತಿ ಆಕ್ಸಲರೇಟರ್ ಬೇಡ, ಸಾಧ್ಯವಿದ್ದಷ್ಟು ಘಟ್ಟ ಬೇಡ. ಶಿರಸಿಯವರು ಹುಬ್ಬಳ್ಳಿಯಲ್ಲಿ ಕೆಲಸ ಮಾಡಿಸಿದರೆ ವಾಪಸು ಬರುವ ದಾರಿಯಲ್ಲಿ ಕಠಿಣ ಘಟ್ಟ ಇಲ್ಲ. ಕಾರವಾರ, ಅಂಕೋಲೆಯವರಿಗೆ ಅರಬೈಲ್ ಇಳಿಜಾರಾಗಿ ಸಿಗುತ್ತದೆ, ಅದರಿಂದ ತೊಂದರೆ ಇಲ್ಲ. ಮೊದಲ ಕೆಲವು ದಿನ ಸ್ವಲ್ಪ ವಾಸನೆ ಬರುವುದು ಸಹಜ. ಸಾವಿರ ಕಿ.ಮೀ. ಆದ ಮೇಲೂ ನಡುಕ ಇದ್ದರೆ ಫ್ಲೈವೀಲ್ ಮುಖವೋ ಎಣ್ಣೆಯೋ ಎಂದು ಗ್ಯಾರೇಜಿನವರನ್ನು ಕೇಳಿ, ಹೋಗುತ್ತದೆ ಬಿಡಿ ಎಂಬ ಮಾತಿಗೆ ಒಪ್ಪಬೇಡಿ.

ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಿನಲ್ಲಿ ಫ್ಲೈವೀಲ್ ತುಕ್ಕು ಹಿಡಿದು ಪ್ಲೇಟ್ ಅಂಟಿಕೊಳ್ಳುವುದುಂಟು. ಪೆಡಲ್ ಒತ್ತಿದರೂ ಗೇರ್ ಬೀಳುವುದಿಲ್ಲ. ಸಮತಟ್ಟಾದ ಖಾಲಿ ಜಾಗದಲ್ಲಿ ಎಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಬಿಸಿಯಾಗಲು ಬಿಡಿ. ಆಮೇಲೆ ಆಫ್ ಮಾಡಿ ಎರಡನೇ ಗೇರ್ ಹಾಕಿ, ಮುಂದೆ ಯಾರೂ ಇಲ್ಲವೆಂದು ನೋಡಿ, ಪೆಡಲ್ ಪೂರ್ತಿ ಒತ್ತಿಹಿಡಿದು ಸ್ಟಾರ್ಟ್ ಮಾಡಿ. ಕಾರು ಮೆಲ್ಲಗೆ ಮುಂದೆ ಸರಿಯುತ್ತದೆ. ಪೆಡಲ್ ಒತ್ತಿಕೊಂಡೇ ಆಕ್ಸಲರೇಟರ್ ಒಮ್ಮೆ ಕೊಟ್ಟು ಬಿಟ್ಟರೆ ಹೆಚ್ಚಾಗಿ ಅಂಟು ಬಿಡುತ್ತದೆ. ಎರಡು ಮೂರು ಸಲಕ್ಕೂ ಬಿಡದಿದ್ದರೆ ಬಲವಂತ ಮಾಡದೆ ಮೆಕ್ಯಾನಿಕ್ಕನ್ನು ಕರೆಸಿ. ನಿಲ್ಲಿಸಿಡುವುದು ಅನಿವಾರ್ಯವಾದರೆ ನಾಲ್ಕು ದಿನಕ್ಕೊಮ್ಮೆ ಎರಡು ಕಿ.ಮೀ. ಓಡಿಸಿ ತನ್ನಿ.